ನರ್ಸುಗಳ ಪರದೇಶ ಪ್ರಯಾಣವೂ ದಳ್ಳಾಳಿಯ ಗಂಟೂ

ಉಡುಪಿ, ಕುಂದಾಪುರ, ಮಂಗಳೂರಿನ ಕಡೆಯಿಂದ ಮುಂಬಯಿಗೆ ಬಂದು ಹೋಟೇಲಿನ ಒಲೆಯ ಮುಂದೆ ಬೆಂದ ನಮ್ಮವರ ಮನೆಗಳಲ್ಲಿ ಒಂದು ಮಾತು ಮತ್ತೆ ಮತ್ತೆ ಕೇಳಿಬರುತ್ತದೆ: ಮಗಳು ನರ್ಸಿಂಗ್ ಮುಗಿಸಿದ್ದಾಳೆ, ಗಲ್ಫಿಗೆ ಹೋಗುತ್ತಾಳೆ, ಇಲ್ಲವೆ ಇಂಗ್ಲೆಂಡಿಗೆ. ಗಿರಣಿ ಮುಚ್ಚಿದ ಮೇಲೆ ಕೈಗೆ ಬಂದ ಅಷ್ಟಿಷ್ಟು ಹಣ, ಪ್ರಾವಿಡೆಂಟ್ ಫಂಡು, ತಾಯಿಯ ಕೊರಳಿನ ಸರ, ಇವೆಲ್ಲ ಆ ಮಾತಿನ ಹಿಂದೆ ಇವೆ. ಆದುದರಿಂದ ಇದು ಆಸ್ಪತ್ರೆಯವರ ವಿಷಯ, ನಮಗೇಕೆ ಎಂದು ಕಾರ್ಮಿಕ ಸಂಘವು ಸುಮ್ಮನಿರುವಂತಿಲ್ಲ.

ಹೋಗಬಾರದೆಂದು ನಾವು ಹೇಳುವುದಿಲ್ಲ. ಊರು ಬಿಟ್ಟು ಬಂದ ನಾವೇ ಹಾಗೆಂದರೆ ಯಾರು ಕೇಳಿಯಾರು? ಇಲ್ಲಿಯ ಸಂಬಳದ ಕಥೆಯೂ ಬಲ್ಲದ್ದೇ. ಸುಪ್ರೀಂ ಕೋರ್ಟಿನ ಆದೇಶದಂತೆ ನೇಮಕವಾದ ತಜ್ಞರ ಸಮಿತಿಯು 2016ರಲ್ಲಿ, ಐವತ್ತಕ್ಕಿಂತ ಕಡಿಮೆ ಹಾಸಿಗೆಗಳ ಖಾಸಗಿ ಆಸ್ಪತ್ರೆಯಲ್ಲಿಯೂ ನರ್ಸಿಗೆ ತಿಂಗಳಿಗೆ 20,000 ರೂಪಾಯಿಗೆ ಕಡಿಮೆ ಕೊಡಬಾರದು, ಇನ್ನೂರು ಹಾಸಿಗೆ ಮೀರಿದ ಕಡೆ ಸರಕಾರಿ ನರ್ಸಿನ ಸಂಬಳವನ್ನೇ ಕೊಡಬೇಕು ಎಂದು ಶಿಫಾರಸು ಮಾಡಿತು. ಶಿಫಾರಸು ಕಾಗದದಲ್ಲಿದೆ. ಅದು ಎಷ್ಟು ಆಸ್ಪತ್ರೆಗಳ ಪಗಾರದ ಪಟ್ಟಿಗೆ ಇಳಿದಿದೆ ಎಂಬುದನ್ನು ರಾತ್ರಿ ಪಾಳಿ ಮುಗಿಸಿ ಬಂದ ನಮ್ಮ ಹೆಣ್ಣುಮಕ್ಕಳನ್ನೇ ಕೇಳಿ.

ನಮ್ಮ ತಕರಾರು ದಳ್ಳಾಳಿಯ ಮೇಲೆ. 2015ರಲ್ಲಿ ಕೇರಳದಲ್ಲಿ ಹೊರಬಿದ್ದ ಕುವೈತ್ ನೇಮಕದ ಹಗರಣವನ್ನು ನೆನೆಯಿರಿ. ಸುಮಾರು 20 ಸಾವಿರ ಪಡೆಯಬೇಕಾದಲ್ಲಿ ತಲೆಗೆ 20 ಲಕ್ಷದ ಹತ್ತಿರ ಕಿತ್ತರೆಂದು ಸಿ.ಬಿ.ಐ. ಮೊಕದ್ದಮೆ ಹೂಡಿತು. ವಲಸೆ ಹೋಗುವವರನ್ನು ರಕ್ಷಿಸಲೆಂದೇ ನೇಮಿಸಿದ ಅಧಿಕಾರಿಯೂ ಆರೋಪಿಗಳಲ್ಲಿ ಒಬ್ಬರು! ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ದೂರುವುದು? ಅದೇ ವರ್ಷ ಕೇಂದ್ರ ಸರಕಾರವು, ಗಲ್ಫ್ ರಾಜ್ಯಗಳೂ ಸೇರಿ ಹದಿನೆಂಟು ದೇಶಗಳಿಗೆ ನರ್ಸುಗಳ ನೇಮಕವು ಸರಕಾರಿ ಸಂಸ್ಥೆಗಳ ಮೂಲಕವೇ ನಡೆಯಬೇಕು, ಪ್ರತಿಯೊಬ್ಬ ನರ್ಸೂ ವಲಸೆ ಅನುಮತಿ ಪಡೆಯಬೇಕು ಎಂದು ಆಜ್ಞೆ ಹೊರಡಿಸಿತು. ಕೇರಳಕ್ಕೆ ನೋರ್ಕಾ ರೂಟ್ಸ್ ಮತ್ತು ಒಡೆಪೆಕ್ ಇದ್ದವು, ತಮಿಳುನಾಡಿಗೂ ತನ್ನದೊಂದು ನಿಗಮವಿತ್ತು. ಕರ್ನಾಟಕ ತಡವಾಗಿ ಎಚ್ಚೆತ್ತಿತು.

ಕಾಯಿದೆಯ ಪ್ರಕಾರ ನೋಂದಾಯಿತ ಏಜಂಟನು ಪಡೆಯಬಹುದಾದ ಗರಿಷ್ಠ ಶುಲ್ಕ 30,000 ರೂಪಾಯಿ ಮತ್ತು ಅದರ ಮೇಲಿನ ತೆರಿಗೆ, ಅಷ್ಟೆ. ರಸೀದಿ ಕೊಡಲೇಬೇಕು. ಬ್ರಿಟನ್ನಿನ ನಿಯಮವಂತೂ ಇನ್ನೂ ಕಟ್ಟುನಿಟ್ಟು: ಕೆಲಸ ಕೊಡಿಸಿದ್ದಕ್ಕೆ ನರ್ಸಿನಿಂದ ಶುಲ್ಕ ಪಡೆಯುವುದೇ ಅಲ್ಲಿ ನಿಷಿದ್ಧ. ಹೀಗಿರುವಾಗ ಲಕ್ಷಗಟ್ಟಲೆ ಕೇಳುವವನು ಯಾವುದಕ್ಕಾಗಿ ಕೇಳುತ್ತಾನೆ?

“ಪರೀಕ್ಷೆ ಪಾಸು ಮಾಡಿಸುತ್ತೇವೆ” ಎನ್ನುತ್ತಾನೆ. ಇದು ಶುದ್ಧ ಸುಳ್ಳು. ಗಲ್ಫಿಗೆ ಹೋಗುವವಳ ಪ್ರಮಾಣಪತ್ರಗಳನ್ನು ಅವು ಹುಟ್ಟಿದ ಕಾಲೇಜು, ಕೌನ್ಸಿಲು, ಆಸ್ಪತ್ರೆಗಳಿಗೇ ಬರೆದು ಕೇಳಿ ತಾಳೆ ನೋಡುತ್ತಾರೆ. ಅದರ ಜೊತೆಗೆ ಗಣಕಯಂತ್ರದ ಮುಂದೆ ಕುಳಿತು ಬರೆಯುವ ಪರವಾನಿಗೆ ಪರೀಕ್ಷೆ. ಸುಳ್ಳು ಅನುಭವ ಪತ್ರ ಕೊಂಡವಳು ಅಲ್ಲಿಯೇ ಸಿಕ್ಕಿಬೀಳುತ್ತಾಳೆ, ಮಾರಿದವನಲ್ಲ. ಇಂಗ್ಲೆಂಡಿಗಾದರೆ ಇಂಗ್ಲಿಷ್ ಭಾಷೆಯ ಪರೀಕ್ಷೆ, ಇಲ್ಲಿಂದಲೇ ಬರೆಯಬಹುದಾದ ಒಂದು ಪರೀಕ್ಷೆ, ಅಲ್ಲಿಗೆ ಹೋದ ಮೇಲೆ ಕೈಯಿಂದ ಮಾಡಿ ತೋರಿಸುವ ಇನ್ನೊಂದು. ಜರ್ಮನಿಗೆ ಜರ್ಮನ್ ಕಲಿಯಬೇಕು. ಇವನ್ನು ಕೆಲವರು ಅಡ್ಡಿಗಳೆಂದು ಗೊಣಗುತ್ತಾರೆ. ನಮಗೆ ಹಾಗೆ ತೋರುವುದಿಲ್ಲ. ರೋಗಿಯ ಪ್ರಾಣ ಕೈಯಲ್ಲಿರುವವಳನ್ನು ಪರೀಕ್ಷಿಸುವುದು ನ್ಯಾಯವೇ. ಬಡವನ ಮಗಳು ಓದಿನ ಬಲದಿಂದ ತಾನೇ ತೆರೆಯಬಹುದಾದ ಬಾಗಿಲು ಅದು.

ನಿಜವಾದ ಅಡ್ಡಿ ಇನ್ನೊಂದಿದೆ. ಗಲ್ಫಿನವರು ಸಾಮಾನ್ಯವಾಗಿ ಎರಡು ವರ್ಷದ ಅನುಭವ ಕೇಳುತ್ತಾರೆ. ಇದು ಗೊತ್ತಿರುವ ಕೆಲವು ಖಾಸಗಿ ಆಸ್ಪತ್ರೆಗಳು ಹುಡುಗಿಯ ಮೂಲ ಪ್ರಮಾಣಪತ್ರಗಳನ್ನು ಬೀರುವಿನಲ್ಲಿಟ್ಟುಕೊಂಡು, ಬಾಂಡು ಬರೆಸಿಕೊಂಡು, ಬಿಡುವಾಗ ಅನುಭವ ಪತ್ರಕ್ಕೆ ಸತಾಯಿಸುತ್ತವೆ. ಹಿಂದೆ ಕೂಲಿ ಹಿಡಿದಿಟ್ಟು ಹೋಟೇಲಿನ ಹುಡುಗರನ್ನು ಕಟ್ಟಿಹಾಕುತ್ತಿದ್ದರಲ್ಲ, ಅದೇ ವಿದ್ಯೆ. ನರ್ಸು ಬಿಳಿ ಬಟ್ಟೆ ತೊಟ್ಟ ಮಾತ್ರಕ್ಕೆ ಕಾರ್ಮಿಕಳಲ್ಲದೆ ಹೋಗುವುದಿಲ್ಲ.

ಇನ್ನೊಂದು ಮೋಸ: ನರ್ಸು ಎಂದು ಹೇಳಿ ಮುದುಕರನ್ನು ನೋಡಿಕೊಳ್ಳುವ ಕೆಲಸದ ಕಾಗದ ಕೈಗಿಡುವುದು. ಬ್ರಿಟನ್ 2025ರ ಜುಲೈಯಲ್ಲಿ ಆ ಕೆಲಸಕ್ಕೆ ಹೊರದೇಶದಿಂದ ಹೊಸಬರನ್ನು ಕರೆಸುವ ವೀಸಾವನ್ನೇ ನಿಲ್ಲಿಸಿತು. ಪ್ರವಾಸಿ ವೀಸಾದಲ್ಲಿ ಹೋಗು, ಅಲ್ಲಿ ಬದಲಾಯಿಸೋಣ ಎನ್ನುವವನಂತೂ ಹುಡುಗಿಯನ್ನು ಕಾನೂನಿನ ನೆರಳಿನಿಂದಲೇ ಹೊರಗೆ ತಳ್ಳುವವನು. ಕರಾರುಪತ್ರದಲ್ಲಿ ಹುದ್ದೆಯ ಹೆಸರು, ಸಂಬಳ, ರಜೆ, ಮರಳುವ ಟಿಕೇಟು ಯಾರದೆಂಬುದು, ಇವಿಷ್ಟನ್ನು ಓದದೆ ರುಜು ಹಾಕಕೂಡದು.

ಸಂಘದ ಕಾರ್ಯಕಾರಿ ಸಮಿತಿಗೆ ನಮ್ಮ ಬೇಡಿಕೆ ಇಷ್ಟು. ಭಾಷಾ ಪರೀಕ್ಷೆ, ಪರವಾನಿಗೆ ಪರೀಕ್ಷೆಗಳ ಶುಲ್ಕಕ್ಕೆ ಸದಸ್ಯರ ಮಕ್ಕಳಿಗೆ ಬಡ್ಡಿಯಿಲ್ಲದ ಸಾಲ ಕೊಡಿ. ಕೇಂದ್ರ ಸರಕಾರದ ಇ-ಮೈಗ್ರೇಟ್ ಪಟ್ಟಿಯಲ್ಲಿ ಏಜಂಟನ ಹೆಸರು ಇದೆಯೋ ಇಲ್ಲವೋ ನೋಡಿ ಹೇಳಲು, ಓದಿದ ಇಬ್ಬರು ಯುವಕರನ್ನು ಭಾನುವಾರ ಕಚೇರಿಯಲ್ಲಿ ಕೂರಿಸಿ. ಬೀರುವಿನಲ್ಲಿ ಬಿದ್ದಿರುವ ಪ್ರಮಾಣಪತ್ರಗಳನ್ನು ಬಿಡಿಸಿಕೊಡಲು ನಮ್ಮ ವಕೀಲರಿಂದ ಒಂದು ನೋಟೀಸು ಹೋದರೆ ಸಾಕು, ಎಷ್ಟೋ ಬೀಗಗಳು ತಾವಾಗಿಯೇ ತೆರೆಯುತ್ತವೆ. ಮುಂದಿನ ಸಭೆಯಲ್ಲಿ ಈ ವಿಷಯವು ಲೆಕ್ಕಪತ್ರಕ್ಕಿಂತ ಮೊದಲು ಬರಲಿ.