ಹಳೆ ಇಲೆಕ್ಟ್ರಿಕ್ ಕಾರು: ಬ್ಯಾಟರಿಯ ಲೆಕ್ಕ ಕೇಳಿದ್ದೀರಾ?

ರಜೆಗೆ ಗಲ್ಫಿನಿಂದ ಊರಿಗೆ ಬಂದವರ ಬಾಯಲ್ಲಿ ಈಗ ಒಂದು ಪ್ರಶ್ನೆ: 'ಸೆಕೆಂಡ್ ಹ್ಯಾಂಡ್ ಇಲೆಕ್ಟ್ರಿಕ್ ಕಾರು ತೆಗೆದುಕೊಳ್ಳಬಹುದಾ?' ಬಡ್ಡಿ ಬೇಡವೆಂದು ಬ್ಯಾಂಕ್ ಸಾಲಕ್ಕೆ ಹೋಗದೆ, ಕೈಯಲ್ಲಿರುವ ದುಡ್ಡಿಗೆ ಹಳೆ ಕಾರು ಕೊಳ್ಳುವವರು ನಮ್ಮಲ್ಲಿ ಅನೇಕರು. ಪೆಟ್ರೋಲ್ ಖರ್ಚು ಉಳಿಯುವುದು ನಿಜ. ಆದರೆ ಬ್ಯಾಟರಿ ಕೈಕೊಟ್ಟರೆ?

ಲೆಕ್ಕ ಹಾಕಿ ನೋಡೋಣ. ಬ್ಲೂಮ್‌ಬರ್ಗ್‌ಎನ್‌ಇಎಫ್ ಸಮೀಕ್ಷೆಯಂತೆ 2024ರಲ್ಲಿ ಲಿಥಿಯಂ ಬ್ಯಾಟರಿ ಪ್ಯಾಕಿನ ಜಾಗತಿಕ ಸರಾಸರಿ ಬೆಲೆ ಪ್ರತಿ ಕಿಲೋವ್ಯಾಟ್ ಅವರ್‌ಗೆ 115 ಡಾಲರ್. ಅಂದರೆ ಮೆಸ್ಕಾಂ ಬಿಲ್ಲಿನ ಒಂದು ಯುನಿಟ್ ಕರೆಂಟ್ ಹಿಡಿಸುವಷ್ಟು ಬ್ಯಾಟರಿಗೆ. ಮಧ್ಯಮ ಗಾತ್ರದ ಕಾರಿಗೆ 40 ಯುನಿಟ್ ಎಂದರೆ 4,600 ಡಾಲರ್. ಡಾಲರಿಗೆ 85 ರೂಪಾಯಿ ಹಿಡಿದರೂ 3.91 ಲಕ್ಷ. ಹೊಸ ಇಲೆಕ್ಟ್ರಿಕ್ ಕಾರಿಗೆ ಜಿಎಸ್‌ಟಿ ಶೇ. 5, ಅದೇ ಬ್ಯಾಟರಿಯನ್ನು ಬಿಡಿಯಾಗಿ ಕೊಂಡರೆ ಶೇ. 18! ಅಲ್ಲಿಗೆ 4.6 ಲಕ್ಷ ದಾಟಿತು. ಕಂಪೆನಿ, ಡೀಲರ್ ಲಾಭ, ಕೂಲಿ ಬೇರೆ. ಈ ತೆರಿಗೆ ಹಳೆ ಕಾರು ಇಟ್ಟುಕೊಂಡವರಿಗೆ ಮಾಡುವ ಅನ್ಯಾಯವೆಂದೇ ನಮಗನಿಸುತ್ತದೆ.

ಹೈಬ್ರಿಡ್ ಕಥೆ ಬೇರೆ. ಹೈರೈಡರ್ ಹೈಬ್ರಿಡ್‌ನ ಬ್ಯಾಟರಿ ಬರೀ 0.76 ಯುನಿಟ್‌ನದ್ದು. ಎರಡನ್ನೂ ಒಂದೇ ತಕ್ಕಡಿಯಲ್ಲಿ ಹಾಕಿ ಹೆದರಬೇಕಾಗಿಲ್ಲ.

ಬ್ಯಾಟರಿ ಒಂದೇ ದಿನಕ್ಕೆ ಸಾಯುವುದೂ ಇಲ್ಲ, ವರ್ಷ ಕಳೆದಂತೆ ಶಕ್ತಿ ಕುಗ್ಗುತ್ತದೆ. ಕೆಲವೊಮ್ಮೆ ಒಳಗಿನ ಒಂದು ಮಾಡ್ಯೂಲ್ ಬದಲಿಸಿದರೂ ಸಾಕಾಗುತ್ತದೆ. ಹಾಗಾಗಿ ನಿಜವಾದ ಪ್ರಶ್ನೆ ವಾರಂಟಿಯದ್ದು. 2020ರ ಜನವರಿಯಲ್ಲಿ ಮಾರುಕಟ್ಟೆಗೆ ಬಂದ ನೆಕ್ಸಾನ್ ಇವಿಗೆ 8 ವರ್ಷ ಅಥವಾ 1.6 ಲಕ್ಷ ಕಿ.ಮೀ., ಯಾವುದು ಮೊದಲೋ ಅದು. ಆ ಮೊದಲ ಕಾರುಗಳ ವಾರಂಟಿ 2028ಕ್ಕೆ ಮುಗಿಯುತ್ತದೆ. ಈಗ ಜಾಹೀರಾತಿನಲ್ಲಿ ಕಾಣುವ 'ಲೈಫ್‌ಟೈಮ್ ವಾರಂಟಿ' ಇದೆಯಲ್ಲ, ಅದು ಮೊದಲ ಮಾಲಕರಿಗೆ ಮಾತ್ರ. ಎಂಜಿ ವಿಂಡ್ಸರ್ ಕೈಬದಲಾದರೆ 8 ವರ್ಷ, 1.6 ಲಕ್ಷ ಕಿ.ಮೀ.ಗೆ ಇಳಿಯುತ್ತದೆ, ಮಹೀಂದ್ರಾ ಬಿಇ 6 ಆದರೆ 10 ವರ್ಷ, 2 ಲಕ್ಷ ಕಿ.ಮೀ.ಗೆ. ಆರ್‌ಸಿಯಲ್ಲಿ ಹೆಸರು ಬದಲಾದ ದಿನವೇ ವಾರಂಟಿಯೂ ಬದಲಾಯಿತು ಎನ್ನಿ.

ಮೇಲೆ ಒಣ ಧಾನ್ಯ, ಅಡಿಯಲ್ಲಿ ಒದ್ದೆ ಧಾನ್ಯ ಇಟ್ಟ ವ್ಯಾಪಾರಿಯನ್ನು ಪ್ರವಾದಿ(ಸ)ಯವರು ತರಾಟೆಗೆ ತೆಗೆದುಕೊಂಡದ್ದು ನಮಗೆಲ್ಲ ಗೊತ್ತು. ಕಾರು ವ್ಯಾಪಾರದಲ್ಲಿರುವ ನಮ್ಮವರು ಟಯರಿಗೆ ಪಾಲಿಶ್ ಹಾಕುವ ಮೊದಲು ಬ್ಯಾಟರಿಯ ಆರೋಗ್ಯ ವರದಿ ತೆಗೆಸಿಡಲಿ. ಕೊಳ್ಳುವವರೂ ಅಷ್ಟೇ. ಪೆಟ್ರೋಲ್ ಕಾರಿನಂತೆ ಇಂಜಿನ್ ಸದ್ದು ಕೇಳಿ ಹೇಳಲು ಇದರಲ್ಲಿ ಸದ್ದೇ ಇಲ್ಲ. ಅಡ್ವಾನ್ಸ್ ಕೊಡುವ ಮೊದಲು ಕಂಪೆನಿ ಸರ್ವಿಸ್ ಸೆಂಟರಿನಲ್ಲಿ 'ಸ್ಟೇಟ್ ಆಫ್ ಹೆಲ್ತ್' ಎಷ್ಟು ಶೇಕಡಾ ಎಂದು ಬರಹದಲ್ಲಿ ಕೇಳಿ, ಎರಡನೇ ಮಾಲಕನಿಗೆ ವಾರಂಟಿ ಎಷ್ಟು ಉಳಿಯುತ್ತದೆ ಎಂಬುದನ್ನೂ ಬರೆಸಿಕೊಳ್ಳಿ. 'ಅದೆಲ್ಲ ಬೇಡ ಕಾಕ, ಗಾಡಿ ಸೂಪರ್ ಉಂಟು' ಎಂದು ಬ್ರೋಕರ್ ಅವಸರ ಮಾಡಿದರೆ, ಕೀ ವಾಪಸ್ ಕೊಟ್ಟು ಮನೆಗೆ ಬನ್ನಿ.