ಬೀಜದ ಕಾಯಿ ಮೊದಲ ಬಿಡ್ರಿ

"ಜವಾರಿ ಬೀಜದಾಗ ಈಗ ಸತ್ವ ಉಳದಿಲ್ಲ" ಅಂತ ನಮ್ಮ ಓಣಿ ಅಕ್ಕಾರು ಹೇಳೋದು ಕೇಳಿ ಕೇಳಿ ನನಗ ಸಿಟ್ಟು ಬಂದದ. ಸತ್ವ ಎಲ್ಲಿಂದ ಬರಬೇಕ್ರಿ? ಮಿರಗದಾಗ ಹೀರಿಬೀಜ ಹಾಕ್ತೀವಿ. ಶ್ರಾವಣದಾಗ ಉದ್ದುದ್ದ ಛಲೋ ಕಾಯಿ ಬಂದ್ರ ಪಲ್ಯ, ಬಜಿ, ಬೀಗರಿಗೆ ಒಂದು ಚೀಲ. ಕಡೀಕ ಮೂಲ್ಯಾಗ ಉಳದ ಸೊಟ್ಟ ಕಾಯಿ ಬೀಜಕ್ಕ! ಅದರಾಗ ಅರ್ಧ ಜೊಳ್ಳು. ಆಮ್ಯಾಲ ಅಂಗಡಿಗೆ ಓಡಿ ಹೈಬ್ರಿಡ್ ಪಾಕೀಟು ತರೋದು. ಅದರ ಬೀಜ ತಗದು ಹಾಕಿದ್ರ ತಾಯಿಬಳ್ಳಿ ಹಂಗ ಬರೂದಿಲ್ಲ, ವರ್ಷಾ ವರ್ಷಾ ರೊಕ್ಕ ಕೊಡಬೇಕು.

ನಾನೂ ಇದನ್ನ ಮಾಡೀನಿ. ನಮ್ಮವ್ವ ಬೂದ್ಯಾಗ ಕಲಸಿ ಕೊಟ್ಟ ಬೀಜ. ಮಂದಿ ಬಂದಾರಂತ ಎಲ್ಲಾ ಕಾಯಿ ಕೊಯ್ದು ಕಳಕೊಂಡೆ. ತವರಿಗೆ ಹೋಗಿ ಕೇಳಿದ್ರ ಹಿತ್ತಲಕ್ಕ ಫರಸಿ ಹಾಕ್ಯಾರ. ಅವ್ವನೂ ಇಲ್ಲ.

ಈ ಸಲ ಹಳ್ಳಿಯೊಳಗ ಚಿಗವ್ವನ ಹತ್ರ ಆರು ಬೀಜ ಸಿಕ್ಕವು. ಗಟ್ಟಿ ಬಳ್ಳಿಯ ಮೊದಲ ಛಲೋ ಕಾಯಿಗೆ ಕೆಂಪು ದಾರ ಕಟ್ಟೀನಿ. ಒಣಗಿ, ಅಲ್ಲಾಡಿಸಿದ್ರ ಒಳಗ ಗಿಲಗಿಲ ಅನ್ನೋತನಕ ಅದು ಬಳ್ಳಿ ಮ್ಯಾಲೇ. ಕಾಯಿ ಬಲಿಯಾಕ ಬಿಟ್ರ ಫಸಲು ಕಡಿಮಿ ಆಗ್ತದ, ಖರೆ. ಆಗ್ಲಿ. ಬಂದವರು ಬೇಕಾದಷ್ಟು ಹರಕೊಂಡು ಹೋಗ್ರಿ, ದಾರ ಕಟ್ಟಿದ್ದನ್ನ ಮಾತ್ರ ಮುಟ್ಟಬ್ಯಾಡ್ರಿ.