ಕಿರ್ಲೋಸ್ಕರರಿಗೂ ನೋಟಿಸು ಬಂದಿತ್ತು

ಜಮೀನು ಕೇಳಲು ಬರುವವರ ಬಾಯಲ್ಲಿ ಒಂದು ಮಾತು ಸಿದ್ಧವಾಗಿರುತ್ತದೆ: "ಕಾರ್ಖಾನೆ ಬಂದರೆ ಊರು ಉದ್ಧಾರ ಆಗುತ್ತೆ, ಬೇಕಾದರೆ ಕಿರ್ಲೋಸ್ಕರವಾಡಿ ನೋಡಿ." ಕಳ್ಳಿ ಬೆಳೆದ ಬೀಡು ಭೂಮಿ, ಎಲ್ಲೆಲ್ಲೂ ಹಾವು, ಒಬ್ಬ ಛಲಗಾರ ಬಂದ, ಬಂಗಾರ ಮಾಡಿದ ಅಂತ ಕಥೆ ಸಾಗುತ್ತದೆ. ಸರಿ, ನಾವೂ ನೋಡೋಣ. ಆದರೆ ಪೂರ್ತಿ ನೋಡೋಣ.

ಲಕ್ಷ್ಮಣರಾವ್ ಕಿರ್ಲೋಸ್ಕರ್ ನಮ್ಮ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನವರು, 1869ರಲ್ಲಿ ಹುಟ್ಟಿದವರು. ಬೆಳಗಾವಿಯಲ್ಲಿ ಅಣ್ಣನ ಜೊತೆ ಸೈಕಲ್ ಅಂಗಡಿ ಇಟ್ಟರು. ಆಮೇಲೆ ಮೇವು ಕತ್ತರಿಸುವ ಯಂತ್ರ, ಕಬ್ಬಿಣದ ನೇಗಿಲು ಮಾಡಲು ಶುರು ಮಾಡಿದರು. ಕೆಲಸ ಕುದುರುತ್ತಿರುವಾಗಲೇ ಅವರಿಗೆ ನೋಟಿಸು ಬಂತು. ಊರು ಬೆಳೆಸಬೇಕು, ಹೊಸ ಬಡಾವಣೆ ಆಗಬೇಕು, ಜಾಗ ಖಾಲಿ ಮಾಡಿ ಎಂದಿತು ಬೆಳಗಾವಿ ಮುನಿಸಿಪಾಲಿಟಿ.

ಓದುಗರೇ, ಇಲ್ಲಿ ಸ್ವಲ್ಪ ನಿಲ್ಲಿ. ಉದ್ಯಮಪತಿಯ ಸಾಹಸ ಅಂತ ನಮಗೆ ಹೇಳುವ ಈ ಕಥೆಯ ನಾಯಕ ಅಭಿವೃದ್ಧಿಯ ಹೆಸರಲ್ಲಿ ಎಬ್ಬಿಸಲ್ಪಟ್ಟ ಮನುಷ್ಯ. ನಮ್ಮ ಊರುಗಳ ಎಷ್ಟೋ ರೈತರ ಹಾಗೆಯೇ. ಕಥೆ ಹೇಳುವವರು ಮಾತ್ರ ಈ ಭಾಗವನ್ನು ಒಂದೇ ಸಾಲಿನಲ್ಲಿ ದಾಟಿಸಿ, "ಅದೇ ಅವರಿಗೆ ವರವಾಯಿತು" ಅಂದುಬಿಡುತ್ತಾರೆ.

ವರ ತಾನಾಗಿ ಬರಲಿಲ್ಲ. ಔಂಧ್ ಸಂಸ್ಥಾನದ ರಾಜ ಬಾಳಾಸಾಹೇಬ್ ಪಂತ್ ಪ್ರತಿನಿಧಿ ಕೊಟ್ಟರು. ಕುಂಡಲ್ ರೋಡ್ ರೈಲು ನಿಲ್ದಾಣದ ಪಕ್ಕ 32 ಎಕರೆ ಜಾಗ, ಜೊತೆಗೆ ಸಾಲ. 1910ರ ಮಾರ್ಚ್ 10ರಂದು ಕಿರ್ಲೋಸ್ಕರವಾಡಿ ಶುರುವಾಯಿತು. ಇವತ್ತು ಅದು ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯಲ್ಲಿದೆ. ಬೆಳಗಾವಿ ಕಳಿಸಿದ್ದನ್ನು ಔಂಧ್ ಇಟ್ಟುಕೊಂಡಿತು.

ಬೀಡು ಭೂಮಿಯನ್ನು ಒಬ್ಬರೇ ಹಸನು ಮಾಡಿದರು ಅನ್ನುವುದೂ ಅರ್ಧ ಮಾತು. 25 ಕಾರ್ಮಿಕರು ಹೆಂಡತಿ ಮಕ್ಕಳ ಸಮೇತ ಆ ಕಳ್ಳಿ ಕಾಡಿಗೆ ಹೋದರು. ಅಣ್ಣ ರಾಮುಅಣ್ಣ ವಸಾಹತಿನ ಆಡಳಿತ ನೋಡಿದರು. ಶಂಭುರಾವ್ ಜಾಂಭೇಕರ್ ಯಂತ್ರ ನೋಡಿದರು, ಮಂಗೇಶರಾವ್ ರೇಗೆ ಲೆಕ್ಕ ನೋಡಿದರು. ರಾತ್ರಿ ಕಾವಲಿಗೆ ನಿಂತವರು ರಾಮೋಶಿಗಳು. ಬ್ರಿಟಿಷ್ ಸರ್ಕಾರ ಕಳ್ಳರೆಂದು ಮುದ್ರೆ ಒತ್ತಿದ್ದ ಜನ ಇವರು, ಇವರಲ್ಲಿ ಜೈಲು ಕಂಡು ಬಂದವರೂ ಇದ್ದರು. ಅವರ ಕೈಗೆ ಇಡೀ ವಸಾಹತನ್ನು ಒಪ್ಪಿಸಿ ಮಲಗಿದ್ದು ಲಕ್ಷ್ಮಣರಾಯರ ದೊಡ್ಡತನ, ಅದನ್ನು ನಾವು ಮುಚ್ಚಿಡುವುದಿಲ್ಲ. ಆದರೆ ನಂಬಿಕೆ ಉಳಿಸಿಕೊಂಡವರೂ ಅಷ್ಟೇ ದೊಡ್ಡವರಲ್ಲವೇ?

ಇನ್ನು ನೇಗಿಲಿನ ಕಥೆ. ಇದು ನಮಗೆ ಸಿಟ್ಟು ತರಿಸುತ್ತದೆ. "ಕಬ್ಬಿಣ ತಾಗಿದರೆ ಮಣ್ಣು ವಿಷವಾಗುತ್ತದೆ ಅಂತ ರೈತರು ಮೂಢರಾಗಿ ನಂಬಿದ್ದರು, ಅದಕ್ಕೇ ನೇಗಿಲು ವರ್ಷಗಟ್ಟಲೆ ಮಾರಾಟವಾಗಲಿಲ್ಲ" ಎಂದು ಪ್ರತಿ ಪುಸ್ತಕವೂ ಬರೆಯುತ್ತದೆ. ಸ್ವಾಮಿ, ನಮ್ಮ ಮರದ ನೇಗಿಲಿನ ತುದಿಗೂ ಕಬ್ಬಿಣದ ಗುಳವೇ ಇತ್ತು! ಹಾಗೆ ಹೇಳಿದ ರೈತ ಇದ್ದಿರಬಹುದು. ಆದರೆ ರೈತನ ಲೆಕ್ಕ ಬೇರೆಯೂ ಇತ್ತು. ಮರದ ನೇಗಿಲು ಮುರಿದರೆ ಊರ ಬಡಿಗ ಸರಿಮಾಡುತ್ತಾನೆ, ಗುಳ ಸವೆದರೆ ಕಮ್ಮಾರ ಬಡಿದು ಕೊಡುತ್ತಾನೆ, ಸುಗ್ಗಿಗೆ ಕಾಳು ಕೊಟ್ಟರಾಯಿತು. ಎರಕದ ಕಬ್ಬಿಣ ಮುರಿದರೆ ಕಮ್ಮಾರನ ಸುತ್ತಿಗೆಗೆ ಬಗ್ಗದು, ಬಿಡಿಭಾಗಕ್ಕೆ ರೊಕ್ಕ ಎಣಿಸಬೇಕು. ಭಾರದ ನೇಗಿಲು ಎಳೆಯಲು ಎತ್ತೂ ಗಟ್ಟಿ ಬೇಕು. ಕೈಯಲ್ಲಿ ಕಾಸಿಲ್ಲದವನು ಯೋಚಿಸುವುದು ಮೂಢತನವಲ್ಲ. ಲಾಭ ಕಣ್ಣಿಗೆ ಕಂಡ ಮೇಲೆ ಅದೇ ರೈತ ಕಿರ್ಲೋಸ್ಕರ್ ನೇಗಿಲು ಕೊಂಡ, ಆಮೇಲೆ ಪಂಪೂ ಕೊಂಡ. ಆ ಮನೆತನ ಬೆಳೆದದ್ದು ರೈತನ ರೊಕ್ಕದಿಂದ. 1941ರಲ್ಲಿ ಹರಿಹರದಲ್ಲಿ ಅವರದೇ ಮೈಸೂರು ಕಿರ್ಲೋಸ್ಕರ್ ಲೇತ್ ಮಾಡತೊಡಗಿತು. ಆ ಕಾರ್ಖಾನೆ ಈಗ ಇಲ್ಲ. ಕಾರ್ಖಾನೆ ಬಂದ ಊರು ಸದಾ ಉದ್ಧಾರವಾಗಿಯೇ ಇರುತ್ತದೆ ಅನ್ನುವವರು ಹರಿಹರಕ್ಕೂ ಒಮ್ಮೆ ಹೋಗಿಬರಲಿ.

ನಾವು ಕೇಳುವುದು ಇಷ್ಟೇ. ನೋಟಿಸು ಬಂದ ಕಿರ್ಲೋಸ್ಕರರಿಗೆ ಒಬ್ಬ ರಾಜ ಸಿಕ್ಕಿದ, 32 ಎಕರೆ ಸಿಕ್ಕಿತು, ಸಾಲ ಸಿಕ್ಕಿತು. ನೋಟಿಸು ಬಂದ ರೈತನಿಗೆ ಏನು ಸಿಗುತ್ತದೆ? ಅದೇ ಬೆಳಗಾವಿಯ ಅಂಚಿನಲ್ಲಿ ಹಲಗಾ-ಮಚ್ಛೆ ಬೈಪಾಸ್ ವಿರುದ್ಧ ರೈತರು ವರ್ಷಗಟ್ಟಲೆ ಹೋರಾಡಿದರು. ಅವರ ಫಲವತ್ತಾದ ಹೊಲ ಕೇಳಿದವರು ಯಾರೂ ಅವರಿಗೆ ಔಂಧ್ ರಾಜನ ಹಾಗೆ ಹೊಲದ ಬದಲು ಹೊಲ ಕೊಡಲಿಲ್ಲ.

ಕಾನೂನಿನ ವಿಷಯವೂ ಗೊತ್ತಿರಲಿ. 2013ರ ಕೇಂದ್ರ ಭೂಸ್ವಾಧೀನ ಕಾಯ್ದೆಯ ಪ್ರಕಾರ ಖಾಸಗಿ ಕಂಪನಿಗೆ ಜಮೀನು ಪಡೆಯಲು ಶೇ. 80ರಷ್ಟು ಸಂತ್ರಸ್ತ ಕುಟುಂಬಗಳ ಒಪ್ಪಿಗೆ ಬೇಕು, ಊರಿನ ಮೇಲೆ ಆಗುವ ಪರಿಣಾಮದ ಅಧ್ಯಯನವೂ ಆಗಬೇಕು. ಆದರೆ ನಮ್ಮಲ್ಲಿ ಕೈಗಾರಿಕೆಗೆ ಜಮೀನು ಹೋಗುವುದು ಹೆಚ್ಚಾಗಿ 1966ರ ಕೆಐಎಡಿಬಿ ಕಾಯ್ದೆಯ ದಾರಿಯಲ್ಲಿ. ಅದರಲ್ಲಿ ಈ ಷರತ್ತುಗಳಿಲ್ಲ. ದೇವನಹಳ್ಳಿಯ ಚನ್ನರಾಯಪಟ್ಟಣ ಹೋಬಳಿಯ ರೈತರು ಮೂರು ವರ್ಷಕ್ಕೂ ಹೆಚ್ಚು ಕಾಲ ಧರಣಿ ಕೂತ ಮೇಲೆಯೇ 2025ರ ಜುಲೈನಲ್ಲಿ 1,777 ಎಕರೆಯ ಸ್ವಾಧೀನ ಕೈಬಿಟ್ಟೆವೆಂದು ಸರ್ಕಾರ ಹೇಳಿದ್ದು.

ಕೆಐಎಡಿಬಿ ನೋಟಿಸು ನಿಮ್ಮ ಕೈಗೂ ಬರಬಹುದು. 28(2) ಅಂತ ಅದರಲ್ಲಿ ಬರೆದಿದ್ದರೆ, ತಲುಪಿದ ದಿನದಿಂದ 30 ದಿನದೊಳಗೆ ಲಿಖಿತ ತಕರಾರು ಕೊಡಬೇಕು. ಕೊಟ್ಟಿದ್ದಕ್ಕೆ ಸಹಿ, ಮೊಹರು ಇರುವ ಸ್ವೀಕೃತಿ ಕೇಳಿ ಪಡೆಯಿರಿ. ನೋಟಿಸು ಕೈಗೆ ಬಂದ ತಾರೀಖನ್ನು ಅದರ ಬೆನ್ನ ಮೇಲೆ ಆವತ್ತೇ ಬರೆದಿಡಿ.